ಜನವರಿ ಒಂದು, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿ ಗುಂಡಿ ಒತ್ತಿದರೆ
ನನ್ನ ಕಂಪ್ಯೂಟರಿಗೆ ದಿನಾ ಅದೇ ದಿನ:
ಎರಡು ಸಾವಿರದ ಎರಡು, ಜನವರಿ ಒಂದು, ಮಂಗಳವಾರ.
ಅಲ್ಲ ಮಾರಾಯ, ಎಂದು
ಇಸವಿ ತಿದ್ದುತ್ತೇನೆ. ತಿಂಗಳು. ತಾರೀಕು.
ಆಮೇಲೆ ಕೆಲಸಕ್ಕೆ ಕೂರುತ್ತದೆ, ಫ್ಯಾನು ಗೊರ ಗೊರ.
ತಿದ್ದಲು ಮರೆತ ದಿನ ಸೇವ್ ಮಾಡಿದ ಮದುವೆಗಳೆಲ್ಲ
ವಧು ಒಂದನೇ ಕ್ಲಾಸಿನಲ್ಲಿದ್ದಾಗಲೇ
ನಡೆದುಹೋಗಿವೆ.

ಭಾಂಡುಪ್ ಸ್ಟೇಷನ್ನಿನಿಂದ ಏಳು ನಿಮಿಷ,
ಹಿಟ್ಟಿನ ಗಿರಣಿಗೆ ಅಂಟಿದ ಗಾಳೆ.
ಡಬ್ಬ ಬಿಚ್ಚಿದರೆ ಮದರ್‌ಬೋರ್ಡಿನ ಮೇಲೂ
ಗೋಧಿಯ ತೆಳು ಪದರ.
ಹದಿನೆಂಟು ವರ್ಷದಿಂದ ನಾವಿಬ್ಬರೂ ಇಲ್ಲಿ
ಕನ್ನಡದಲ್ಲಿ ಮದುವೆ ಮಾಡಿಸುತ್ತೇವೆ.
ನಾಮಕರಣ, ಗೃಹಪ್ರವೇಶ, ಸಂಘದ ವರದಿ,
ಅವಸರದಲ್ಲಿ ಬರುವ ಹದಿಮೂರನೆಯ ದಿನದ ಕಾರ್ಡು.

ಈಗ ಒಂದು ಪುಟ ತೆರೆಯುವುದರೊಳಗೆ
ಚಹಾ ಆರುತ್ತದೆ.

ಲ್ಯಾಮಿಂಗ್ಟನ್ ರೋಡಿನ ಎರಡನೇ ಮಾಳಿಗೆಯಲ್ಲಿ
ಮುರ್ತಜಾ ಭಾಯಿ ರಟ್ಟಿನ ತುಂಡಿನ ಮೇಲೆ ಲೆಕ್ಕ ಬರೆದ:
ರ‍್ಯಾಮ್, ಹಳೆಯದೇ, ಆರುನೂರು.
ಡಿಸ್ಕು ಎರಡು ಸಾವಿರ ಚಿಲ್ಲರೆ.
ಇಷ್ಟು ಸುರಿದರೂ ವರ್ಷ, ಹೆಚ್ಚೆಂದರೆ ಒಂದೂವರೆ.
ಗೆರೆ ಎಳೆದು ಅದರ ಕೆಳಗೆ:
ಹೊಸದು, ಮೂವತ್ತೊಂದು ಸಾವಿರ, ಪರದೆ ಬಿಟ್ಟು.
"ಬೆಹನ್‌ಜಿ, ಹಳೇ ಛತ್ರಿಗೆ ಹೊಸ ಹಿಡಿ ಹಾಕಬಹುದು.
ಮಳೆ ಬೀಳುವುದು ಹಿಡಿಯ ಮೇಲಲ್ಲವಲ್ಲ."

ಹೊಸದರ ಬೆನ್ನು ತೋರಿಸಿ, ಅಂದೆ.
ತಿರುಗಿಸಿದ. ಬೆರಳಾಡಿಸಿದೆ.
ಇಪ್ಪತ್ತೈದು ತೂತಿನ ಆ ಉದ್ದ ಬಾಯಿ ಇಲ್ಲ.
ನನ್ನ ಅಕ್ಷರಗಳಿರುವುದು ಒಂದು ಬೀಗದಲ್ಲಿ,
ಬೆಂಕಿಪೊಟ್ಟಣದಷ್ಟು ಕಪ್ಪು ಬೀಗ;
ಆ ಬಾಯಿ ಅದನ್ನು ಕಚ್ಚಿ ಹಿಡಿದರೆ ಮಾತ್ರ
ಕನ್ನಡ ಬಿಚ್ಚಿಕೊಳ್ಳುತ್ತದೆ.
ಮಾಡಿದ ಕಂಪನಿ ಮುಚ್ಚಿದೆ. ಅವರ ನಂಬರಿನಲ್ಲಿ
ಈಗ ಯಾರೋ ಟೈಲ್ಸ್ ಮಾರುತ್ತಾರೆ.

ಪರೀಕ್ಷೆಗೆಂದು ಒಂದು ಫೈಲು ಒಯ್ದಿದ್ದೆ.
ಹೊಸ ಪರದೆಯಲ್ಲಿ ತೆರೆದ.
ಹಣೆಯಲ್ಲಿ ಶ್ರೀ ಇರಬೇಕಾದಲ್ಲಿ
ಅಟ್ಟ ಹತ್ತಿ ಕೂತ ಪುಟಾಣಿ ಎರಡು,
ಒಂದನ್ನೊಂದು ತಬ್ಬಿದ ಇಂಗ್ಲಿಷಿನ ಎ, ಇ,
ನೆತ್ತಿಯ ಮೇಲೆ ಹುಳ ಹೊತ್ತ ದೊಡ್ಡ ಎ.
ಅದರ ಕೆಳಗೆ ಒಂದು ಕುಟುಂಬವಿಡೀ
ಗೀಚಾಗಿ ನಿಂತಿತ್ತು, ಆಶೀರ್ವಾದ ಬೇಡುತ್ತ.
"ಯಾವ ಭಾಷೆ ಇದು?"
ಮುರ್ತಜಾ ಭಾಯಿಗೆ ನಿಜವಾಗಿ ಕುತೂಹಲ.
ಇದು ದೇಜಮ್ಮನ ಮಗಳ ಮದುವೆ, ಅಂದೆ.

ಗ್ರ್ಯಾಂಟ್ ರೋಡಿನಿಂದ ದಾದರ್, ಸೇತುವೆ ಹತ್ತಿ ಇಳಿದು
ಸೆಂಟ್ರಲ್ಲಿನ ಹೆಂಗಸರ ಡಬ್ಬಿ.
ಎದುರಿನವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು,
ಕಣ್ಣು ಫೋನಿನಲ್ಲಿ, ಹಳದಿ ಎಲೆ ಬೆರಳಿಗೇ ಗೊತ್ತು.
ಎರಡು ಸಾವಿರದ ಮುನ್ನೂರು ಫೈಲು.
ದಿನಕ್ಕೆ ಮೂರು ಮತ್ತೆ ಟೈಪ್ ಮಾಡಿದರೂ ಎರಡು ವರ್ಷ.
ಕುರ್ಲಾದಲ್ಲಿ ಲೆಕ್ಕ ಕೈಬಿಟ್ಟೆ.
ವಿಕ್ರೋಳಿಯಲ್ಲಿ ಮತ್ತೆ ಹಿಡಿದೆ:
ಅರ್ಧ ಮಂದಿ ತಿರುಗಿ ಬರುವುದೇ ಇಲ್ಲ.
ಮೀರಾ ರೋಡಿಗೆ ಹೋದವರ ಮಕ್ಕಳಿಗೆ
ವಾಟ್ಸಾಪಿನಲ್ಲಿ ಹಾರುವ ಗುಲಾಬಿ ಸಾಕು.
ಬಂದವರದ್ದು ಬಂದಾಗ.
ಹಳೆಯದರಲ್ಲಿ ತೆರೆದು, ಹೊಸದರಲ್ಲಿ ಬರೆದು,
ಒಂದೊಂದೇ ಮನೆಯನ್ನು ಈಚೆ ದಡಕ್ಕೆ.
ಅದಕ್ಕೆ ಎರಡೂ ಬೇಕು.
ಹೊಸದಕ್ಕೆ ದೀಪಾವಳಿಯವರೆಗೆ ಕಾಯಬೇಕು,
ನನ್ನ ಭಿಶಿ ಏಳುವುದು ಆಗಲೇ.

ಮೂವತ್ತು ರೂಪಾಯಿಯ ಗುಂಡು ಸೆಲ್ಲು ಒಂದು ಕೊಂಡಿದ್ದೆ,
ಎಂಟಾಣೆಯಷ್ಟು ಅಗಲ.
ಸಂಜೆ ಹಿಟ್ಟು ಒರೆಸಿ ಕೂರಿಸಿದೆ.

ಮರುದಿನ ಶಟರ್ ಎತ್ತಿ ಗುಂಡಿ ಒತ್ತಿದರೆ
ಇವತ್ತಿನ ತಾರೀಕು, ಇವತ್ತಿನ ವಾರ, ತಪ್ಪಿಲ್ಲದೆ.
ತಿದ್ದಲು ಚಾಚಿದ ಬೆರಳಿಗೆ
ಏನು ಮಾಡಬೇಕೆಂದು ತಿಳಿಯಲಿಲ್ಲ.
ಪಕ್ಕದಲ್ಲಿ ಗಿರಣಿ ಚಾಲೂ ಆಯಿತು.